ಮರುಬಳಕೆಯಲ್ಲಿ ನಿಜಕ್ಕೂ ದುಡ್ಡಿದೆಯಾ? ಇದ್ದರೆ ಅದು ಯಾರ ಕೈ ಸೇರುತ್ತದೆ?

ಮಳೆಬಿಲ್ಲು88
ನಮ್ಮ ವಸತಿ ಸಮಿತಿಯಲ್ಲಿ ಕಸ ಬೇರೆ ಮಾಡಿ ಮರುಬಳಕೆಗೆ ಕಳಿಸುವ ಯೋಜನೆ ಶುರು ಮಾಡೋಣ ಅಂತ ಮಾತು ನಡೆಯುತ್ತಿದೆ. ಅರ್ಧ ಜನ "ಒಣ ಕಸ ಮಾರಿದರೆ ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯುತ್ತದೆ" ಅಂತಾರೆ. ಇನ್ನರ್ಧ ಜನ "ಇದು ಎಲ್ಲಾ ಕಡೆ ನಷ್ಟದ ಬಾಬ್ತು, ಮನಸ್ಸಿನ ಸಮಾಧಾನಕ್ಕೆ ಮಾಡೋದು ಅಷ್ಟೇ" ಅಂತಾರೆ.

ನಾನು ಓದಿದ್ದರಲ್ಲಿ ಎರಡಕ್ಕೂ ಪುರಾವೆ ಸಿಗುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 1990ರ ದಶಕದ ಕೊನೆಯಲ್ಲಿ ಊರ ಕಸದ ಶೇ. 5ರಷ್ಟೂ ಮರುಬಳಕೆ ಆಗುತ್ತಿರಲಿಲ್ಲ, ಈಗ ಶೇ. 60 ದಾಟಿದೆ. ಇಷ್ಟು ವರ್ಷ ಬರೀ ನಷ್ಟ ಮಾಡಿಕೊಂಡು ಯಾರಾದರೂ ಇದನ್ನು ಬೆಳೆಸುತ್ತಾರಾ? ಇನ್ನೊಂದು ಕಡೆ, ಪ್ರಪಂಚದ ಪ್ಲಾಸ್ಟಿಕ್ ಕಸದಲ್ಲಿ ಶೇ. 9 ಮಾತ್ರ ಮರುಬಳಕೆ ಆಗುತ್ತದೆ ಅಂತ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) 2022ರಲ್ಲಿ ಹೇಳಿದೆ. ಲಾಭ ಇದ್ದಿದ್ದರೆ ಉಳಿದ 91 ಯಾಕೆ ಬಿಟ್ಟರು? ಈ ಕೆಲಸ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ. ಮುಂದಿನ ಸಭೆಯಲ್ಲಿ ನಾನು ಮಾತಾಡಬೇಕು.

ಎರಕದಮನೆ
ಯಾವ ವಸ್ತು ಅಂತ ಹೇಳದೆ ಮರುಬಳಕೆ ಲಾಭವೋ ನಷ್ಟವೋ ಅಂತ ಕೇಳಿದರೆ ಉತ್ತರ ಸಿಗಲ್ಲ. ಅಲ್ಯೂಮಿನಿಯಂ ತಗೊಳ್ಳಿ. ಬಾಕ್ಸೈಟ್ ಅನ್ನೋ ಅದಿರು ಅಗೆದು, ಅದರಿಂದ ಅಲ್ಯೂಮಿನಾ ಪುಡಿ ತೆಗೆದು, ವಿದ್ಯುತ್ ಹರಿಸಿ ಲೋಹ ಬೇರೆ ಮಾಡೋದಕ್ಕೆ ಬೇಕಾದ ಶಕ್ತಿ ಒಂದು ಕಡೆ ಇಡಿ. ಹಳೇ ಡಬ್ಬಿ ಕರಗಿಸಿದರೆ ಅದರಲ್ಲಿ ಶೇ. 5ರಷ್ಟು ಸಾಕು. 660 ಡಿಗ್ರಿಗೆ ಕರಗುತ್ತದೆ, ಮತ್ತೆ ಎರಕ ಹೊಯ್ಯಬಹುದು, ಗುಣ ಕೆಡಲ್ಲ. ಉಕ್ಕೂ ಹಾಗೇ. ಒಂದು ಟನ್ ಗುಜರಿ ಉಕ್ಕು ಕುಲುಮೆಗೆ ಹೋದರೆ ಸುಮಾರು 1,400 ಕಿಲೋ ಕಬ್ಬಿಣದ ಅದಿರು, 740 ಕಿಲೋ ಕಲ್ಲಿದ್ದಲು ಉಳಿಯುತ್ತದೆ. ಪ್ರಪಂಚದಲ್ಲಿ ತಯಾರಾಗುವ ಸೀಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದೇ ಹಳೇ ಬ್ಯಾಟರಿಗಳಿಂದ. ಹತ್ತಾರು ವರ್ಷ ಈ ಕುಲುಮೆಗಳ ಪಕ್ಕದಲ್ಲಿ ಕೆಲಸ ಮಾಡಿದ್ದೀನಿ. ಒಳ್ಳೇ ಗುಜರಿ ಸಿಗಲಿಲ್ಲ ಅಂತ ಮಾಲೀಕರು ಒದ್ದಾಡಿದ್ದು ನೋಡಿದ್ದೀನಿ, ಕೊಳ್ಳುವವರಿಲ್ಲ ಅಂತ ಗುಜರಿ ಬಿದ್ದಿದ್ದು ನೋಡಿಲ್ಲ.

ನೇರಮಾತು
ಎರಕದಮನೆ ಸರ್, ನೀವು ಹೇಳಿದ್ದು ಸರಿ, ಆದರೆ ಅದು ಪ್ರಶ್ನೆಗೆ ಉತ್ತರ ಅಲ್ಲ. ಲೋಹಕ್ಕೆ ಯೋಜನೆಯೇ ಬೇಕಿಲ್ಲ. ಯಾವ ಸರ್ಕಾರ, ಯಾವ ಸಮಿತಿ ಹೇಳದಿದ್ದರೂ ಗುಜರಿಯವರು ಅದನ್ನು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಮನೆಯ ಕಸದಲ್ಲಿ ಲೋಹ ಎಷ್ಟಿರುತ್ತೆ ಹೇಳಿ? ಉಳಿದಿದ್ದೆಲ್ಲ ಹಸಿ ಕಸ, ಕಾಗದ, ತೆಳು ಪ್ಲಾಸ್ಟಿಕ್ಕು. ಲಾರಿ, ಡ್ರೈವರು, ವಿಂಗಡಿಸುವ ಶೆಡ್ಡು ಬೇಕಾಗೋದು ಇವಕ್ಕೆ. ಲಾಭದ ಉದಾಹರಣೆಗೆ ಅಲ್ಯೂಮಿನಿಯಂ ತೋರಿಸಿ, ಖರ್ಚು ಪ್ಲಾಸ್ಟಿಕ್ಕಿಗೆ ಮಾಡೋದು ಎಲ್ಲಾ ಕಡೆ ನಡೆಯುತ್ತಿರುವ ತಪ್ಪು.

ಎರಕದಮನೆ
ಲೋಹದ ಲಾಭದಿಂದಲೇ ಉಳಿದಿದ್ದರ ಖರ್ಚು ತುಂಬಬಹುದಲ್ವಾ? ಡಬ್ಬಿಗಳನ್ನು ತೆಗೆದುಬಿಟ್ಟರೆ ವಿಂಗಡಣೆ ಶೆಡ್ಡಿನ ಆದಾಯ ಕುಸಿಯುತ್ತೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡೋಕಾಗಲ್ಲ.

ಲೆಕ್ಕಿಗ
ಇಬ್ಬರೂ ಮಾರಾಟದ ಹಣವನ್ನು ಮಾತ್ರ ನೋಡುತ್ತಿದ್ದೀರಿ. ನಾನು ಪೌರಾಡಳಿತದ ಲೆಕ್ಕ ನೋಡುವ ಕೆಲಸದಲ್ಲಿದ್ದೀನಿ, ಅಲ್ಲಿಂದ ಹೇಳ್ತೀನಿ.

ಮಾರಿದ ಕಾಗದದ ದುಡ್ಡು ಇಲ್ಲಿ ಮುಖ್ಯ ಆದಾಯ ಅಲ್ಲ. ತಿಪ್ಪೆಗೆ ಹೋಗದೇ ಉಳಿದ ಪ್ರತಿ ಟನ್ನಿನ ಖರ್ಚು ಉಳಿಯುತ್ತದಲ್ಲ, ಅದೇ ಮುಖ್ಯ. ಜಾಗದ ಬೆಲೆ, ಸಾಗಣೆ, ಕೆಳಗೆ ಹಾಸುವ ಹಾಳೆ, ಕೊಳಚೆ ನೀರು ಶುದ್ಧ ಮಾಡೋದು, ತುಂಬಿದ ಮೇಲೂ ಎಷ್ಟೋ ವರ್ಷ ಅದನ್ನು ನೋಡಿಕೊಳ್ಳೋದು. ಈ ಖರ್ಚು ಯಾರ ಬಿಲ್ಲಿನಲ್ಲೂ ನೇರವಾಗಿ ಕಾಣಲ್ಲ, ಅದಕ್ಕೇ ಕಸ ಸುರಿಯೋದು ಅಗ್ಗ ಅನಿಸುತ್ತೆ. ಬ್ರಿಟನ್ 1996ರಲ್ಲಿ ಭೂಭರ್ತಿಗೆ, ಅಂದರೆ ಕಸವನ್ನು ನೆಲದಲ್ಲಿ ಹೂಳೋದಕ್ಕೆ, ತೆರಿಗೆ ಹಾಕಿತು. ಶುರುವಾದಾಗ ಟನ್ನಿಗೆ 7 ಪೌಂಡ್, ಈಗ 100 ಪೌಂಡ್ ಮೀರಿದೆ. ಸುರಿಯೋದು ದುಬಾರಿ ಆದ ಕೂಡಲೇ ಬೇರೆ ಮಾಡೋದು ಲಾಭದಾಯಕ ಆಯಿತು. ಮಳೆಬಿಲ್ಲು ಅವರು ಕೇಳಿದ ವೇಲ್ಸ್ ಬೆಳವಣಿಗೆಗೆ ಇದೂ ಒಂದು ದೊಡ್ಡ ಕಾರಣ. ಅದರ ಜೊತೆಗೆ ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಕಡ್ಡಾಯದ ಗುರಿ ಇತ್ತು, ತಪ್ಪಿದರೆ ದಂಡ.

ನಿಮ್ಮ ಸಮಿತಿಯವರು ಮೊದಲು ನೋಡಬೇಕಾದ ಅಂಕಿ ಒಂದೇ. ಕಸ ಒಯ್ಯಲು ಈಗ ತೂಕಕ್ಕೆ ತಕ್ಕಂತೆ ಕೊಡುತ್ತೀರೋ, ತಿಂಗಳಿಗೆ ಇಷ್ಟು ಅಂತ ಕೊಡುತ್ತೀರೋ? ಎರಡನೆಯದಾದರೆ ನೀವು ಎಷ್ಟೇ ಬೇರೆ ಮಾಡಿದರೂ ಉಳಿತಾಯ ನಿಮಗೆ ಬರಲ್ಲ, ಒಯ್ಯುವವರಿಗೆ ಹೋಗುತ್ತದೆ.

ಮಳೆಬಿಲ್ಲು88
ತಿಂಗಳಿಗೆ ಇಷ್ಟು ಅಂತ. ಈ ಪ್ರಶ್ನೆ ಸಭೆಯಲ್ಲಿ ಒಬ್ಬರೂ ಎತ್ತಿರಲಿಲ್ಲ.

ಕಾಗದದೋಣಿ
ಕಾಗದದ ಬಗ್ಗೆ ನಾನು ಹೇಳಬಲ್ಲೆ, ಗಿರಣಿಯಲ್ಲಿ ತಿರುಳು ಮಾಡುವ ಕಡೆ ಕೆಲಸ ಮಾಡಿದವನು. ರದ್ದಿಗೆ ಬೇಡಿಕೆ ಇದ್ದೇ ಇದೆ. ಆನ್‌ಲೈನ್ ಖರೀದಿ ಜಾಸ್ತಿ ಆದ ಮೇಲೆ ರಟ್ಟಿನ ಪೆಟ್ಟಿಗೆಗೆ ಇನ್ನೂ ಬೇಡಿಕೆ. ಕಾಗದದ ನಾರನ್ನು ಐದರಿಂದ ಏಳು ಸಲ ಮತ್ತೆ ಬಳಸಬಹುದು, ಆಮೇಲೆ ಅದು ತುಂಬಾ ಚಿಕ್ಕದಾಗಿ ಹಿಡಿತ ಬಿಡುತ್ತದೆ.

ಆದರೆ ನಮಗೆ ಬರುತ್ತಿದ್ದ ಮೂಟೆಗಳನ್ನು ನೀವು ನೋಡಬೇಕಿತ್ತು. ಎಣ್ಣೆ ಅಂಟಿದ ರಟ್ಟು, ಒದ್ದೆಯಾಗಿ ಬೂಷ್ಟು ಹಿಡಿದ ಪತ್ರಿಕೆ, ನಡುವೆ ಒಡೆದ ಗಾಜಿನ ಚೂರು. ಎಣ್ಣೆ ನೀರಿನಲ್ಲಿ ಬಿಡಲ್ಲ, ತಿರುಳಿಗೆ ಹರಡಿ ಹಾಳೆಯಲ್ಲಿ ಕಲೆ ಬೀಳುತ್ತದೆ. ಗಾಜಿನ ಪುಡಿ ಯಂತ್ರವನ್ನೇ ಸವೆಸುತ್ತದೆ. ಇಂಥ ಮೂಟೆಗೆ ಅರ್ಧ ಬೆಲೆಯೂ ಕೊಡುತ್ತಿರಲಿಲ್ಲ, ಎಷ್ಟೋ ಸಲ ವಾಪಸ್ ಕಳಿಸುತ್ತಿದ್ದೆವು. ಒಣಗಿದ, ಚೊಕ್ಕಟವಾದ ರಟ್ಟು ಮಾತ್ರ ಕಟ್ಟಿ ತಂದವರಿಗೆ ಅದೇ ದಿನ ಪೂರ್ತಿ ದುಡ್ಡು. ವಸ್ತು ಒಂದೇ, ಬೆಲೆ ಮಾತ್ರ ಆಕಾಶಕ್ಕೂ ಭೂಮಿಗೂ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿ, ಆಮೇಲೆ ಯಂತ್ರ ಬೇರೆ ಮಾಡುತ್ತೆ ಅನ್ನೋ ಪದ್ಧತಿ ಜನಕ್ಕೆ ಸುಲಭ, ಆದರೆ ಬೆಲೆ ಕಳೆಯುವುದು ಅಲ್ಲೇ.

ನೇರಮಾತು
ಕಾಗದದೋಣಿ ಹೇಳಿದ್ದಕ್ಕೇ ನನ್ನ ಮುಂದಿನ ಮಾತು. ಅಷ್ಟು ಗಲೀಜು ಕಸ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು? ಚೀನಾಕ್ಕೆ. 1992ರಿಂದ ಪ್ರಪಂಚದ ದೇಶಗಳು ಆಮದು ಮಾಡಿಕೊಂಡ ಪ್ಲಾಸ್ಟಿಕ್ ಕಸದಲ್ಲಿ ಸುಮಾರು ಶೇ. 45 ಅವರೊಬ್ಬರೇ ತಗೊಂಡಿದ್ದರು. 2018ರಲ್ಲಿ 24 ಬಗೆಯ ಕಸ ನಿಲ್ಲಿಸಿದರು. ಉಳಿದಿದ್ದರಲ್ಲಿ ಶೇ. 0.5ಕ್ಕಿಂತ ಜಾಸ್ತಿ ಕಲ್ಮಶ ಇರಬಾರದು ಅಂದರು. ಅಮೆರಿಕದ ಎಷ್ಟೋ ಊರುಗಳು ಮಿಶ್ರ ಕಾಗದವನ್ನು ಮಾರುವ ಬದಲು, ತಗೊಂಡು ಹೋಗಿ ಅಂತ ತಾವೇ ದುಡ್ಡು ಕೊಡಬೇಕಾಯಿತು. ಕೆಲವು ಊರುಗಳು ಯೋಜನೆಯನ್ನೇ ನಿಲ್ಲಿಸಿದವು. ಆ ಇಡೀ ಲಾಭದ ಲೆಕ್ಕ ನಿಂತಿದ್ದು ಇನ್ನೊಂದು ದೇಶದ ಅಗ್ಗದ ಕೂಲಿಯ ಮೇಲೆ. ಇದನ್ನು ಯಶಸ್ಸು ಅಂತ ನಾನು ಕರೆಯಲ್ಲ.

ತಂಗಾಳಿ
ನೇರಮಾತು ಅವರು ಹೇಳಿದ್ದು ನಿಜ, ಅದರ ಮುಂದಿನ ಭಾಗ ಇನ್ನೂ ಕೆಟ್ಟದ್ದು. ಚೀನಾ ಬಾಗಿಲು ಹಾಕಿದ ಮೇಲೆ ಅದೇ ಕಸ ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಕಡೆ ತಿರುಗಿತು. ಆಮೇಲೆ 2019ರಲ್ಲಿ ಬಾಸೆಲ್ ಒಪ್ಪಂದಕ್ಕೆ (ಅಪಾಯಕಾರಿ ಕಸವನ್ನು ದೇಶದಿಂದ ದೇಶಕ್ಕೆ ಸಾಗಿಸೋದರ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ತಿದ್ದುಪಡಿ ಬಂತು. ಗಲೀಜು ಪ್ಲಾಸ್ಟಿಕ್ ಕಳಿಸುವ ಮೊದಲು ತಗೊಳ್ಳುವ ದೇಶದ ಒಪ್ಪಿಗೆ ಬೇಕು ಅಂತ 2021ರಿಂದ ಜಾರಿ ಆಯಿತು.

ನಾನು ಇನ್ನೊಂದು ವಿಷಯ ಹೇಳಬೇಕು. ಲಾಭದ ಮಾತಿನಲ್ಲಿ ಯಾವಾಗಲೂ ಮರೆತುಹೋಗುವವರು ಕಸ ಆಯುವವರು. ಪ್ರಪಂಚದಲ್ಲಿ ಸುಮಾರು ಒಂದೂವರೆಯಿಂದ ಎರಡು ಕೋಟಿ ಜನ ಇದರಲ್ಲೇ ಬದುಕುತ್ತಿದ್ದಾರೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು. ನಗರಗಳು "ಆಧುನಿಕ ಯೋಜನೆ" ಅಂತ ದೊಡ್ಡ ಗುತ್ತಿಗೆದಾರನಿಗೆ ಕೊಟ್ಟಾಗ ಮೊದಲು ಬೀದಿಗೆ ಬೀಳೋದು ಇವರೇ. ಇದು ಹೀಗೇ ಆಗಬೇಕು ಅಂತೇನಿಲ್ಲ. ಬ್ರೆಜಿಲ್ 2002ರಲ್ಲಿ ಇದನ್ನು ಅಧಿಕೃತ ಉದ್ಯೋಗಗಳ ಪಟ್ಟಿಗೆ ಸೇರಿಸಿತು, 2010ರ ಕಸದ ಕಾನೂನಿನಲ್ಲಿ ಅವರ ಸಹಕಾರ ಸಂಘಗಳಿಗೆ ಜಾಗ ಕೊಟ್ಟಿತು. ಅಲ್ಲಿ ಅಲ್ಯೂಮಿನಿಯಂ ಡಬ್ಬಿಗಳಲ್ಲಿ ಶೇ. 95ಕ್ಕಿಂತ ಜಾಸ್ತಿ ವಾಪಸ್ ಬರುತ್ತವೆ, ಅದು ಇವರ ಕೈಯ ಕೆಲಸ. ಕೊಲಂಬಿಯಾದ ಬೊಗೊಟಾದಲ್ಲಿ ಇವರು ನ್ಯಾಯಾಲಯದಲ್ಲಿ ಹೋರಾಡಿ, 2013ರಿಂದ ತೂಕಕ್ಕೆ ತಕ್ಕಂತೆ ನಗರದಿಂದಲೇ ಸಂಬಳ ಪಡೆಯುತ್ತಿದ್ದಾರೆ. ಲಾರಿ ಕಂಪನಿಗೆ ಕೊಡುವ ದುಡ್ಡನ್ನೇ ಆಯುವವರಿಗೂ ಕೊಡಬಹುದು ಅನ್ನೋದು ಅವರ ವಾದ ಆಗಿತ್ತು. ನನಗೆ ಅದರಲ್ಲಿ ಒಂದು ತಪ್ಪೂ ಕಾಣಲ್ಲ.

ಹಕ್ಕಿಗೂಡು
ಬಾಟಲಿಗಳಿಗೆ ಠೇವಣಿ ಪದ್ಧತಿ ಬಗ್ಗೆ ಯಾರೂ ಹೇಳಲಿಲ್ಲ ಯಾಕೆ?? ಕೊಳ್ಳುವಾಗ ಸ್ವಲ್ಪ ಜಾಸ್ತಿ ಕೊಡಬೇಕು, ಬಾಟಲಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಜರ್ಮನಿಯಲ್ಲಿ 2003ರಿಂದ ಇದೆ, ಬಾಟಲಿಗೆ 25 ಸೆಂಟ್, ಹತ್ತಿರ ಹತ್ತಿರ ಎಲ್ಲಾ ವಾಪಸ್ ಬರುತ್ತವೆ. ಲಿಥುವೇನಿಯಾ 2016ರಲ್ಲಿ ಶುರು ಮಾಡಿತು, ಮೊದಲು ಮೂರರಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಬರುತ್ತಿದ್ದದ್ದು ಎರಡನೇ ವರ್ಷಕ್ಕೇ ಶೇ. 90 ದಾಟಿತು. ಬಾಟಲಿ ಬೇರೆ ಕಸದ ಜೊತೆ ಸೇರೋದೇ ಇಲ್ಲ, ಹಾಗಾಗಿ ಕಾಗದದೋಣಿ ಹೇಳಿದ ಗಲೀಜಿನ ಸಮಸ್ಯೆಯೂ ಇಲ್ಲ.

ಸಣ್ಣಕಥೆ
ಟೋಕಿಯೊ ಒಲಿಂಪಿಕ್ಸ್ ಪದಕಗಳನ್ನು ಹಳೇ ಫೋನಿನಿಂದ ಮಾಡಿದ್ದು ಗೊತ್ತಾ? ಜನ ಕೊಟ್ಟ 62 ಲಕ್ಷ ಫೋನು, ಜೊತೆಗೆ ಬೇರೆ ಸಣ್ಣ ಉಪಕರಣ. ಅದರಿಂದ 32 ಕಿಲೋ ಚಿನ್ನ ತೆಗೆದರು.

ನೇರಮಾತು
@ಹಕ್ಕಿಗೂಡು, ಠೇವಣಿ ಕೆಲಸ ಮಾಡುತ್ತೆ, ಒಪ್ಪಿದೆ. ಆದರೆ ಬಾಟಲಿ ತಗೊಳ್ಳುವ ಯಂತ್ರದ ಖರ್ಚು, ಚಿಕ್ಕ ಅಂಗಡಿಯಲ್ಲಿ ಅದನ್ನು ಇಡುವ ಜಾಗ, ಇದೆಲ್ಲ ಯಾರು ಕೊಡಬೇಕು? ವಾಪಸ್ ಬರದ ಬಾಟಲಿಯ ಠೇವಣಿ ಯಾರ ಜೇಬಿಗೆ ಹೋಗುತ್ತೆ? ಆ ಹಣ ಕಂಪನಿಗೇ ಉಳಿದರೆ ಬಾಟಲಿ ವಾಪಸ್ ಬರದಿದ್ದಷ್ಟೂ ಅವರಿಗೆ ಲಾಭ. ಪದ್ಧತಿಯೇ ತಲೆಕೆಳಗು.

ಹಕ್ಕಿಗೂಡು
ಅದಕ್ಕೆ ನಾರ್ವೆಯವರು ದಾರಿ ಹುಡುಕಿದ್ದಾರೆ. ಅಲ್ಲಿ ಬಾಟಲಿ, ಡಬ್ಬಿಗಳ ಮೇಲೆ ಪರಿಸರ ತೆರಿಗೆ ಇದೆ. ಎಷ್ಟು ಜಾಸ್ತಿ ವಾಪಸ್ ಬರುತ್ತೋ ಅಷ್ಟು ತೆರಿಗೆ ಕಡಿಮೆ, ಶೇ. 95 ಮುಟ್ಟಿದರೆ ತೆರಿಗೆಯೇ ಇಲ್ಲ. ಬಾಟಲಿ ವಾಪಸ್ ಬರೋದು ಕಂಪನಿಗೇ ಬೇಕಾದ ವಿಷಯ ಆಯಿತು. ಎಲ್ಲಾ ಕಡೆ ಹೀಗೇ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಅಂಗಡಿಯವರಿಗೆ ಬಾಟಲಿಗೆ ಇಷ್ಟು ಅಂತ ನಿರ್ವಹಣೆ ಹಣ ಕೊಡುವ ಏರ್ಪಾಡೂ ಹಲವು ದೇಶಗಳಲ್ಲಿ ಇದೆ.

ಎರಕದಮನೆ
@ಸಣ್ಣಕಥೆ ಫೋನಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. 2022ರಲ್ಲಿ ಪ್ರಪಂಚದಲ್ಲಿ ಬಿದ್ದ ಇ-ಕಸ 6.2 ಕೋಟಿ ಟನ್, ಅದರಲ್ಲಿ ಸರಿಯಾದ ರೀತಿಯಲ್ಲಿ ಸಂಗ್ರಹಿಸಿ ಮರುಬಳಕೆ ಮಾಡಿದ್ದು ಶೇ. 22.3 ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ಆ ಕಸದ ಒಳಗಿನ ಲೋಹದ ಬೆಲೆ ಸುಮಾರು 9,100 ಕೋಟಿ ಡಾಲರ್. ಒಂದು ಟನ್ ಚಿನ್ನದ ಅದಿರಿನಲ್ಲಿ ಕೆಲವೇ ಗ್ರಾಂ ಚಿನ್ನ ಸಿಗುತ್ತೆ, ಒಂದು ಟನ್ ಹಳೇ ಫೋನಿನಲ್ಲಿ ಅದರ ಎಷ್ಟೋ ಪಟ್ಟು.

ಹಾಗಂತ ಮನೆಯಲ್ಲಿ, ಗಲ್ಲಿಯಲ್ಲಿ ಕೂತು ಆಸಿಡ್ಡಿನಲ್ಲಿ ಅದ್ದಿ ತೆಗೆಯೋ ಕೆಲಸ ದಯವಿಟ್ಟು ಯಾರೂ ಮಾಡಬೇಡಿ. ವೈರು ಸುಟ್ಟು ತಾಮ್ರ ತೆಗೆಯುವ ಹೊಗೆ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತೆ. ಇನ್ನೊಂದು, ಲಿಥಿಯಂ ಬ್ಯಾಟರಿಯನ್ನು ಒಣ ಕಸದ ಡಬ್ಬಕ್ಕೆ ಹಾಕಲೇಬಾರದು. ಲಾರಿಯಲ್ಲಿ ಒತ್ತಿದಾಗ ಜಜ್ಜಿ ಬೆಂಕಿ ಹತ್ತುತ್ತೆ, ವಿಂಗಡಣೆ ಶೆಡ್ಡುಗಳು ಸುಟ್ಟುಹೋಗಿವೆ. ಮಳೆಬಿಲ್ಲು ಅವರೇ, ಮೊದಲನೇ ದಿನದಿಂದಲೇ ಬ್ಯಾಟರಿಗೆ ಬೇರೆ ಡಬ್ಬ ಇಡಿ.

ಬೆಟ್ಟದಹಾದಿ
ಎಲ್ಲರೂ ಒಣ ಕಸದ ಹಿಂದೆಯೇ ಓಡ್ತಿದ್ದೀರಿ. ತೂಕದಲ್ಲಿ ಜಾಸ್ತಿ ಇರೋದು ಹಸಿ ಕಸ. ಅದನ್ನು ಬೇರೆ ಮಾಡದಿದ್ದರೆ ಮಿಕ್ಕಿದ್ದೆಲ್ಲ ಒದ್ದೆ, ಕೊಳೆ. ದಕ್ಷಿಣ ಕೊರಿಯಾದಲ್ಲಿ 1995ರಲ್ಲಿ ಕಸಕ್ಕೆ ನಿಗದಿತ ಚೀಲ ಕೊಳ್ಳಬೇಕು ಅಂತ ಮಾಡಿದರು. ಜಾಸ್ತಿ ಕಸ ಹಾಕಿದರೆ ಜಾಸ್ತಿ ಚೀಲ, ಜಾಸ್ತಿ ದುಡ್ಡು. ಮರುಬಳಕೆಗೆ ಹೋಗೋದು ಉಚಿತ. 2005ರಲ್ಲಿ ಊಟದ ಕಸವನ್ನು ಭೂಭರ್ತಿಗೆ ಹಾಕೋದೇ ನಿಷೇಧ. ಆಮೇಲೆ ಅದಕ್ಕೂ ತೂಕಕ್ಕೆ ತಕ್ಕ ಶುಲ್ಕ ಬಂತು. ಈಗ ಅಲ್ಲಿ ಊಟದ ಕಸ ಹತ್ತಿರ ಹತ್ತಿರ ಪೂರ್ತಿ ಗೊಬ್ಬರ, ಪಶು ಆಹಾರ, ಜೈವಿಕ ಅನಿಲ ಆಗುತ್ತೆ. 1990ರ ದಶಕದ ಮಧ್ಯದಲ್ಲಿ ಇದು ಶೇ. 2ರಷ್ಟಿತ್ತು.

ಲೆಕ್ಕಿಗ
ಬೆಟ್ಟದಹಾದಿ ಹೇಳಿದ್ದೇ ನನ್ನ ಮಾತಿಗೂ ಆಧಾರ. ಬೇರೆ ಮಾಡಿದವನಿಗೆ ಆ ತಿಂಗಳೇ ಬಿಲ್ಲು ಕಡಿಮೆ ಬಂದರೆ ಯೋಜನೆ ತಾನಾಗಿ ಬೆಳೆಯುತ್ತೆ. ಬರೀ ಭಾಷಣದಿಂದ ಆರು ತಿಂಗಳು ನಡೆಯುತ್ತೆ, ಆಮೇಲೆ ನಿಲ್ಲುತ್ತೆ.

ಉದ್ಯೋಗದ ವಿಷಯ ಯಾರೂ ಎತ್ತಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅಲ್ಲಿ ಮರುಬಳಕೆ, ಮರುಉಪಯೋಗದಿಂದ 6,81,000 ಉದ್ಯೋಗ, 3,780 ಕೋಟಿ ಡಾಲರ್ ಸಂಬಳ, 550 ಕೋಟಿ ಡಾಲರ್ ತೆರಿಗೆ. ಅದು 2012ರ ಅಂಕಿಗಳ ಮೇಲೆ ಮಾಡಿದ ಲೆಕ್ಕ, ಆದರೂ ಗಾತ್ರ ಎಷ್ಟು ಅಂತ ಗೊತ್ತಾಗುತ್ತೆ. ಕಸವನ್ನು ಹಳ್ಳಕ್ಕೆ ಸುರಿಯೋದಕ್ಕೆ ಒಂದು ಬುಲ್ಡೋಜರ್, ನಾಲ್ಕು ಜನ ಸಾಕು.

ನೇರಮಾತು
ಉದ್ಯೋಗವನ್ನು ಲಾಭದ ಕಡೆ ಬರೆಯೋದು ಸರಿಯಲ್ಲ ಸರ್. ಸಂಬಳ ಅಂದರೆ ಯೋಜನೆಗೆ ಖರ್ಚು. ಅದೇ ಕೆಲಸಕ್ಕೆ ಹತ್ತು ಪಟ್ಟು ಜನ ಬೇಕು ಅಂದರೆ ಹತ್ತು ಪಟ್ಟು ದುಬಾರಿ ಅಂತ. ಎರಡೂ ಕಡೆ ಒಂದೇ ಅಂಕಿ ತೋರಿಸಬೇಡಿ.

ಲೆಕ್ಕಿಗ
ಯೋಜನೆ ನಡೆಸುವವರ ಪುಸ್ತಕದಲ್ಲಿ ಅದು ಖರ್ಚೇ, ನಾನು ಇಲ್ಲ ಅನ್ನಲ್ಲ. ಆದರೆ ಊರಿನ ಪುಸ್ತಕ ಬೇರೆ. ಅದಿರು ಹೊರಗಿಂದ ತರಿಸಿದರೆ ಆ ದುಡ್ಡು ಹೊರಗೆ ಹೋಗುತ್ತೆ. ಅದೇ ಲೋಹವನ್ನು ಊರಲ್ಲೇ ವಿಂಗಡಿಸಿದರೆ ದುಡ್ಡು ಸಂಬಳವಾಗಿ ಊರಲ್ಲೇ ಸುತ್ತುತ್ತೆ. ಯಾವ ಪುಸ್ತಕ ನೋಡುತ್ತಿದ್ದೀವಿ ಅಂತ ಮೊದಲು ಹೇಳಬೇಕು, ಅಷ್ಟೇ.

ತಂಗಾಳಿ
ಜೊತೆಗೆ ಯಾವ ಥರದ ಉದ್ಯೋಗ ಅಂತಲೂ ಕೇಳಬೇಕು. ಕೈಗವಸು ಇಲ್ಲದೆ, ಸೂಜಿ ಚುಚ್ಚಿಸಿಕೊಂಡು, ದಿನಗೂಲಿಗೆ ಮಾಡುವ ಕೆಲಸವನ್ನು "ಹಸಿರು ಉದ್ಯೋಗ" ಅಂತ ಅಂಕಿಗೆ ಸೇರಿಸೋದು ನನಗೆ ಒಪ್ಪಿಗೆ ಇಲ್ಲ.

ನೇರಮಾತು
ಇದನ್ನು ಒಪ್ಪುತ್ತೀನಿ.

ಸಣ್ಣಕಥೆ
ಒಂದು ಪ್ರಶ್ನೆ. ಪ್ಲಾಸ್ಟಿಕ್ ಮೇಲೆ ಮೂರು ಬಾಣದ ತ್ರಿಕೋನ ಇದ್ದರೆ ಅದು ಮರುಬಳಕೆ ಆಗುತ್ತೆ ಅಂತಲೇ ಅರ್ಥ ಅಲ್ವಾ?

ಕಾಗದದೋಣಿ
ಅಲ್ಲ. ಮೂರು ಬಾಣದ ಗುರುತು 1970ರದ್ದು, ಗ್ಯಾರಿ ಆಂಡರ್ಸನ್ ಅನ್ನೋ ವಿದ್ಯಾರ್ಥಿ ಒಂದು ಸ್ಪರ್ಧೆಗೆ ಬರೆದಿದ್ದು. ಒಳಗೆ 1ರಿಂದ 7ರವರೆಗಿನ ಅಂಕಿ ಹಾಕಿದ್ದು 1988ರಲ್ಲಿ, ಪ್ಲಾಸ್ಟಿಕ್ ಉದ್ಯಮದವರು. ಅದು ಯಾವ ಬಗೆಯ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತೆ. 1 ಅಂದರೆ ಪೆಟ್, ನೀರಿನ ಬಾಟಲಿ. 2 ಅಂದರೆ ಶಾಂಪೂ, ಹಾಲಿನ ಕ್ಯಾನಿನಂಥ ಗಟ್ಟಿ ಪಾಲಿಥೀನ್. ಇವೆರಡಕ್ಕೆ ಒಳ್ಳೇ ಬೆಲೆ ಇದೆ. 5ಕ್ಕೆ ಕೆಲವು ಕಡೆ ಇದೆ. 3, 6, 7 ತಗೊಳ್ಳುವವರು ಸಿಗೋದೇ ಕಷ್ಟ. ಅದೇ ತ್ರಿಕೋನ ನೋಡಿ ಜನ ನಂಬಿ ಎಲ್ಲವನ್ನೂ ಡಬ್ಬಕ್ಕೆ ಹಾಕುತ್ತಾರೆ, ಮೂಟೆ ಗಲೀಜಾಗುತ್ತೆ. ಉದ್ಯಮದವರು ಮಾಡಿದ ಅನ್ಯಾಯ ಇದು ಅಂತ ನನಗೆ ಅನಿಸುತ್ತೆ.

ಮಳೆಬಿಲ್ಲು88
ಚಿಪ್ಸ್ ಪ್ಯಾಕೆಟ್, ಬೆಳ್ಳಿ ಬಣ್ಣದ ಪದರ ಇರೋದು? ನಮ್ಮಲ್ಲಿ ಅದೇ ರಾಶಿ ಇರುತ್ತೆ.

ಕಾಗದದೋಣಿ
ಪದರಗಳನ್ನು ಬಿಡಿಸೋದು ಕಷ್ಟ, ಹಾಗಾಗಿ ಕೊಳ್ಳುವವರು ಇಲ್ಲ. ಹೆಚ್ಚಂದ್ರೆ ಸಿಮೆಂಟ್ ಕುಲುಮೆಗೆ ಉರುವಲಾಗಿ ಹೋಗುತ್ತೆ. ಅದನ್ನು ಮರುಬಳಕೆ ಅಂತ ಲೆಕ್ಕಕ್ಕೆ ಬರೆಯಬೇಡಿ.

ಹಕ್ಕಿಗೂಡು
ಹೊಸ ಪ್ಲಾಸ್ಟಿಕ್ ಅಗ್ಗ ಇರುವವರೆಗೂ ಕಷ್ಟವೇ. ಕಚ್ಚಾ ತೈಲದ ಬೆಲೆ ಇಳಿದಾಗಲೆಲ್ಲ ಮರುಬಳಕೆ ಮಾಡುವವರು ಒದ್ದಾಡುತ್ತಾರೆ. ಅದಕ್ಕೇ ಯುರೋಪಿನಲ್ಲಿ ಪೆಟ್ ಬಾಟಲಿಗಳಲ್ಲಿ 2025ರಿಂದ ಶೇ. 25 ಮರುಬಳಕೆಯ ಪ್ಲಾಸ್ಟಿಕ್ ಇರಲೇಬೇಕು ಅಂತ ಕಾನೂನು ಮಾಡಿದರು, 2030ಕ್ಕೆ ಎಲ್ಲಾ ಪ್ಲಾಸ್ಟಿಕ್ ಪಾನೀಯದ ಬಾಟಲಿಗಳಲ್ಲೂ ಶೇ. 30. ಕೊಳ್ಳುವವರು ಖಚಿತ ಇದ್ದಾರೆ ಅಂತ ಗೊತ್ತಾದರೆ ಯಂತ್ರಕ್ಕೆ ದುಡ್ಡು ಹಾಕುವವರು ಬರುತ್ತಾರೆ.

ನೇರಮಾತು
ನನ್ನ ವಿರೋಧ ಮರುಬಳಕೆಗೆ ಅಲ್ಲ ಅಂತ ಎಲ್ಲರಿಗೂ ಹೇಳಿಬಿಡ್ತೀನಿ. ಕೊಳ್ಳುವವರಿಲ್ಲದ ವಸ್ತುವನ್ನು ಸಂಗ್ರಹಿಸಿ, ಆಮೇಲೆ ರಾತ್ರೋರಾತ್ರಿ ಅದೇ ತಿಪ್ಪೆಗೆ ಸುರಿಯೋದನ್ನು ಕಣ್ಣಾರೆ ನೋಡಿದ್ದೀನಿ. ಒಂದು ಸಲ ಅದನ್ನು ನೋಡಿದ ಮನೆಯವರು ಮತ್ತೆ ಯಾವತ್ತೂ ಕಸ ಬೇರೆ ಮಾಡಲ್ಲ. ಆ ನಂಬಿಕೆ ಹೋದರೆ ಯಾವ ಲೆಕ್ಕವೂ ಉಳಿಯಲ್ಲ. ಮಳೆಬಿಲ್ಲು ಅವರೇ, ಕಡಿಮೆ ವಸ್ತುಗಳಿಂದ ಶುರು ಮಾಡಿ. ರಟ್ಟು, 1 ಮತ್ತು 2ನೇ ಪ್ಲಾಸ್ಟಿಕ್, ಡಬ್ಬಿ. ಹಸಿ ಕಸಕ್ಕೆ ನಿಮ್ಮ ಜಾಗದಲ್ಲೇ ಗೊಬ್ಬರದ ಗುಂಡಿ.

ಮಳೆಬಿಲ್ಲು88
ಗಾಜು ಬಿಡಬೇಕಾ?

ಎರಕದಮನೆ
ಕಾರ್ಖಾನೆ ಹತ್ತಿರ ಇದ್ದರೆ ಮಾತ್ರ ಗಾಜು. ಕರಗಿಸೋಕೆ ಒಳ್ಳೆಯದೇ, ಕುಲುಮೆಗೆ ಶೇ. 10 ಗಾಜಿನ ಚೂರು ಸೇರಿಸಿದರೆ ಶಕ್ತಿ ಶೇ. 2.5ರಿಂದ 3ರಷ್ಟು ಉಳಿಯುತ್ತೆ. ಆದರೆ ಭಾರ ಜಾಸ್ತಿ, ಬೆಲೆ ಕಡಿಮೆ. ದೂರ ಸಾಗಿಸಿದರೆ ಡೀಸೆಲ್ಲಿಗೇ ಹೋಗುತ್ತೆ.

ಲೆಕ್ಕಿಗ
ಒಪ್ಪಂದ ಮಾಡಿಕೊಳ್ಳುವಾಗ ಎರಡು ಷರತ್ತು ಹಾಕಿಸಿ. ಒಂದು, ಕಸ ಒಯ್ಯುವ ಶುಲ್ಕ ತೂಕಕ್ಕೆ ತಕ್ಕಂತೆ ಆಗಬೇಕು. ಇನ್ನೊಂದು, ಗುಜರಿ ಬೆಲೆ ಬಿದ್ದಾಗ ಕನಿಷ್ಠ ಇಷ್ಟು ಕೊಡಬೇಕು, ಏರಿದಾಗ ಹಂಚಿಕೊಳ್ಳಬೇಕು ಅಂತ. 2008ರಲ್ಲಿ ಪ್ರಪಂಚದ ಎಲ್ಲಾ ಕಡೆ ಗುಜರಿ ಬೆಲೆ ಕೆಲವೇ ತಿಂಗಳಲ್ಲಿ ಕುಸಿದಾಗ ಈ ಷರತ್ತು ಇಲ್ಲದ ಯೋಜನೆಗಳಿಗೆ ತುಂಬಾ ಹೊಡೆತ ಬಿತ್ತು.

ತಂಗಾಳಿ
ಈಗ ನಿಮ್ಮಲ್ಲಿ ಬಂದು ಆಯುತ್ತಿರುವವರು ಯಾರಾದರೂ ಇದ್ದರೆ ಮೊದಲು ಅವರನ್ನೇ ಕರೆದು ಮಾತಾಡಿ. ಯಾವುದಕ್ಕೆ ಯಾವ ಬೆಲೆ ಸಿಗುತ್ತೆ, ಯಾರು ಮೋಸ ಮಾಡುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಸಮಿತಿಯಲ್ಲಿ ಯಾರಿಗೂ ಗೊತ್ತಿರಲ್ಲ.

ಮಳೆಬಿಲ್ಲು88
ಇಬ್ಬರು ಅಕ್ಕಂದಿರು ಬರ್ತಾರೆ. ಸಭೆಗೆ ಅವರನ್ನೂ ಕರೀತೀನಿ. ತೂಕದ ಶುಲ್ಕದ ವಿಷಯ ಈಗಲೇ ಕಾರ್ಯದರ್ಶಿಗೆ ಬರೆದೆ.

ಎರಕದಮನೆ
ತೂಕದ ಯಂತ್ರ ನಿಮ್ಮದೇ ಇರಲಿ. ಕೊಳ್ಳುವವರ ತಕ್ಕಡಿ ನಂಬಬೇಡಿ. ಪ್ರತಿ ಸಲ ತೂಕ ಮಾಡಿ ಗೋಡೆಗೆ ಬರೆದು ಹಾಕಿ, ಎಲ್ಲಾ ಮನೆಯವರಿಗೂ ಕಾಣೋ ಹಾಗೆ.